51 ಪೆಗಾಸಿ ಬಿ: ನಕ್ಷತ್ರಕ್ಕೆ ಅಷ್ಟು ಹತ್ತಿರ ಇದ್ದೂ ಈ ಅನಿಲ ಗ್ರಹ ಆವಿಯಾಗಿ ಹೋಗಲ್ವಾ?

ಪ್ರಶ್ನೆ:
ಈ ಗ್ರಹ ನಮ್ಮಿಂದ ಸುಮಾರು 50 ಜ್ಯೋತಿರ್ವರ್ಷ ದೂರದಲ್ಲಿದೆ. ತೂಕ ಗುರುಗ್ರಹದ ಸುಮಾರು ಅರ್ಧ, ಬಹುಪಾಲು ಬರೀ ಗ್ಯಾಸ್. ಆದರೆ ನಕ್ಷತ್ರವನ್ನು ನಾಲ್ಕೂಕಾಲು ದಿನಕ್ಕೊಮ್ಮೆ ಸುತ್ತಿ ಮುಗಿಸುತ್ತದೆ, ನಮ್ಮ ಬುಧನಿಗೇ 88 ದಿನ ಬೇಕು! ಬಿಸಿ ಸಾವಿರ ಡಿಗ್ರಿ ಆಸುಪಾಸು. ಅಷ್ಟು ಕಾವಿಗೆ ಗ್ಯಾಸ್ ಎಲ್ಲಾ ಹಾರಿಹೋಗಬೇಕಿತ್ತು ಅಲ್ವಾ? ಯಾಕೆ ಹೋಗಿಲ್ಲ?

ಉತ್ತರ 1:
ಬಿಸಿ ಒಂದನ್ನೇ ನೋಡಬೇಡಿ, ಗುರುತ್ವಾಕರ್ಷಣೆಯನ್ನೂ ನೋಡಿ. ಸಾವಿರ ಡಿಗ್ರಿಯಲ್ಲಿ ಹೈಡ್ರೋಜನ್ ಪರಮಾಣು ಸೆಕೆಂಡಿಗೆ ಐದಾರು ಕಿಲೋಮೀಟರ್ ವೇಗದಲ್ಲಿ ಓಡಾಡುತ್ತದೆ. ಗುರುವಿನಿಂದ ತಪ್ಪಿಸಿಕೊಳ್ಳೋಕೆ ಸುಮಾರು 60 ಬೇಕು, ಈ ಗ್ರಹಕ್ಕೆ ಅದರ ಅರ್ಧ ಅಂತ ಹಿಡಿದರೂ 30 ಆಯ್ತು. ಹಾಗಾಗಿ ಹೆಚ್ಚಿನ ಗ್ಯಾಸ್ ಅಲ್ಲೇ ಉಳಿಯುತ್ತದೆ.

ಹಾಗಂತ ಏನೂ ಹೋಗಲ್ಲ ಅಂತಲ್ಲ. ನಕ್ಷತ್ರದ ಎಕ್ಸ್-ಕಿರಣ, ನೇರಳಾತೀತ ಕಿರಣ ತೀರಾ ಮೇಲಿನ ತೆಳು ಪದರವನ್ನು ಇನ್ನೂ ಎಷ್ಟೋ ಪಟ್ಟು ಕಾಯಿಸುತ್ತವೆ, ಸೋರೋದು ಅಲ್ಲಿಂದ. ಇದೇ ಜಾತಿಯ ಇನ್ನೊಂದು ಗ್ರಹ ಎಚ್‌ಡಿ 209458 ಬಿ. ಅದರಿಂದ ಹೈಡ್ರೋಜನ್ ಸೋರುತ್ತಿರುವುದನ್ನು ಹಬಲ್ ದೂರದರ್ಶಕದ ನೆರವಿನಿಂದ ಪತ್ತೆಹಚ್ಚಿ 2003ರಲ್ಲಿ ಪ್ರಕಟಿಸಿದರು. ಸೆಕೆಂಡಿಗೆ ಕನಿಷ್ಠ 10,000 ಟನ್! ಕೇಳಿದರೆ ಗಾಬರಿ ಆಗುತ್ತದೆ, ಆದರೆ ಲೆಕ್ಕ ಹಾಕಿ ನೋಡಿ, 500 ಕೋಟಿ ವರ್ಷ ಅದೇ ದರದಲ್ಲಿ ಸೋರಿದರೂ ಹೋಗೋದು ಗ್ರಹದ ತೂಕದ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ.

ಪ್ರಶ್ನೆ ಕೇಳಿದವರು:
ಅದ್ಭುತ, ಥ್ಯಾಂಕ್ಸ್. ಹಾಗಾದರೆ ಅಷ್ಟು ಹತ್ತಿರ ಅದು ಹುಟ್ಟಿದ್ದಾದರೂ ಹೇಗೆ?

ಉತ್ತರ 2:
ಅಲ್ಲೇ ಹುಟ್ಟಿರೋದು ಕಷ್ಟ. ಅಷ್ಟು ಹತ್ತಿರ ಹಿಮ ನಿಲ್ಲಲ್ಲ, ಅಂಥ ದೊಡ್ಡ ಗ್ರಹ ಕಟ್ಟೋಕೆ ಸಾಮಗ್ರಿಯೂ ಸಾಲಲ್ಲ. ದೂರದಲ್ಲಿ ಬೆಳೆದು ಆಮೇಲೆ ಒಳಗೆ ಸರಿದಿದೆ ಅನ್ನೋದೇ ಹೆಚ್ಚಿನವರ ಅಭಿಪ್ರಾಯ. ಎಳೆಯ ನಕ್ಷತ್ರದ ಸುತ್ತ ಇರುವ ಅನಿಲ-ಧೂಳಿನ ತಟ್ಟೆ ಅದನ್ನು ನಿಧಾನಕ್ಕೆ ಒಳಗೆ ತಳ್ಳಿರಬಹುದು, ಇಲ್ಲಾ ಇನ್ನೊಂದು ಗ್ರಹದ ಸೆಳೆತಕ್ಕೆ ದಾರಿ ತಪ್ಪಿ ಉದ್ದ ಕಕ್ಷೆಗೆ ಬಿದ್ದು, ಆಮೇಲೆ ನಕ್ಷತ್ರದ ಎಳೆತದಿಂದಲೇ ಆ ಕಕ್ಷೆ ಚಿಕ್ಕದಾಗಿ ದುಂಡಗಾಗಿರಬಹುದು. ವಾಸ್ಪ್-17ಬಿ ತರಹದ ಕೆಲವು ಬಿಸಿ ಅನಿಲ ಗ್ರಹಗಳು ತಮ್ಮ ನಕ್ಷತ್ರ ತಿರುಗುವುದಕ್ಕೆ ಉಲ್ಟಾ ಸುತ್ತುತ್ತವೆ. ಅಂಥವಕ್ಕೆ ಎರಡನೇ ವಿವರಣೆಯೇ ಸರಿ ಅನ್ನಿಸುತ್ತದೆ ನನಗೆ.

ಇಂಥ ಗ್ರಹ ಇರಬಹುದು, ಹುಡುಕಬಹುದು ಅಂತ ಖಗೋಳವಿಜ್ಞಾನಿ ಆಟೋ ಸ್ಟ್ರೂವ್ 1952ರಲ್ಲೇ ಬರೆದಿದ್ದರು. ಹೆಚ್ಚು ಜನ ಕಿವಿಗೊಡಲಿಲ್ಲ! 1995ರಲ್ಲಿ ಸ್ವಿಸ್ ಖಗೋಳವಿಜ್ಞಾನಿಗಳಾದ ಮಿಶೆಲ್ ಮಯೋರ್, ಡಿಡಿಯೆ ಕೆಲೋ ಫ್ರಾನ್ಸಿನ ಓಟ್-ಪ್ರೊವಾನ್ಸ್ ವೀಕ್ಷಣಾಲಯದಿಂದ 51 ಪೆಗಾಸಿ ಬಿಯನ್ನು ಕಂಡುಹಿಡಿದರು. ಗ್ರಹವನ್ನು ನೇರ ನೋಡಲಿಲ್ಲ, ಅದರ ಸೆಳೆತಕ್ಕೆ ನಕ್ಷತ್ರ ಸೆಕೆಂಡಿಗೆ 50-60 ಮೀಟರ್ ವೇಗದಲ್ಲಿ ಹಿಂದೆ ಮುಂದೆ ಅಲ್ಲಾಡೋದನ್ನು ಬೆಳಕಿನಲ್ಲಿ ಅಳೆದರು. 2019ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಇವರಿಬ್ಬರಿಗೆ ಬಂತು.

ಉತ್ತರ 3:
ಗ್ರಹ ಕಾಣಲ್ಲ, ನಕ್ಷತ್ರವನ್ನಂತೂ ನೋಡಬಹುದು. ನವೆಂಬರ್ ಮಧ್ಯದಲ್ಲಿ ಸಂಜೆ ಏಳೂವರೆ ಹೊತ್ತಿಗೆ ಕರ್ನಾಟಕದಲ್ಲಿ ಹೆಚ್ಚುಕಮ್ಮಿ ನೆತ್ತಿ ಮೇಲೇ ಇರುತ್ತದೆ. ಪೂರ್ವಾಭಾದ್ರದ ಎರಡು ನಕ್ಷತ್ರ ಗುರುತಿಸಿ. ಅವುಗಳ ನಡುವಿನ ಗೆರೆಯ ಅರ್ಧದಲ್ಲಿ ನಿಂತು ಪಶ್ಚಿಮಕ್ಕೆ ಮೂರು ಹುಣ್ಣಿಮೆ ಚಂದ್ರನಷ್ಟು ಸರಿದರೆ ಸಿಗುತ್ತದೆ. ಊರಾಚೆ ಒಳ್ಳೆ ಕತ್ತಲಿದ್ದರೆ ಬರಿಗಣ್ಣಿಗೂ ಸಿಕ್ಕೀತು, ಬೆಂಗಳೂರಿನಲ್ಲಾದರೆ ಬೈನಾಕ್ಯುಲರ್ ಬೇಕೇ ಬೇಕು.