ಹಳೇ ಮದುವೆ ಕ್ಯಾಸೆಟ್ ಎಐನಿಂದ ಸ್ಪಷ್ಟ ಆಗುತ್ತಾ? ಮಾಡಿ ನೋಡಿದವರು ಹೇಳಿ

ಕೇಳಿದವರು, ಮಂಡ್ಯ
ಅಪ್ಪ ಅಮ್ಮನ ಮದುವೆ 1996ರಲ್ಲಿ ಇಲ್ಲೇ ಛತ್ರದಲ್ಲಿ ಆಗಿದ್ದು. ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್. ಆಮೇಲೆ ಯಾವಾಗಲೋ ಸ್ಟುಡಿಯೋದಲ್ಲಿ ಒಂದು ಡಿವಿಡಿಗೆ ಹಾಕಿಸಿದ್ದೆವು. ಈಗಿನ ಟಿವಿಯಲ್ಲಿ ನೋಡಿದರೆ ಎಲ್ಲಾ ಮಸುಕು. ಯಾರಾದರೂ ಅಲ್ಲಾಡಿದರೆ ಸುತ್ತ ಬಾಚಣಿಗೆ ಹಲ್ಲಿನಂಥ ಗೆರೆ. ದುಡ್ಡಿನ ಸಾಫ್ಟ್‌ವೇರ್ ಬೇಡ, ಓಪನ್ ಸೋರ್ಸ್ ಇದ್ದರೆ ಹೇಳಿ. ಲ್ಯಾಪ್‌ಟಾಪಿನಲ್ಲಿ 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ.

ಮದುವೆ ವಿಡಿಯೋ ಎಡಿಟಿಂಗ್ ಮಾಡುವವರು, ಕುವೆಂಪುನಗರ
ಆ ಗೆರೆ ತೆಗೆಯೋಕೆ ಎಐ ಬೇಕಾಗಿಲ್ಲ. ನಮ್ಮ ಹಳೇ ವಿಡಿಯೋ ಎಲ್ಲಾ ಪಾಲ್ ಅನ್ನೋ ಟಿವಿ ಪದ್ಧತಿಯದ್ದು, ಸೆಕೆಂಡಿಗೆ 25 ಫ್ರೇಮ್ (ಚಿತ್ರ). ಒಂದೊಂದು ಫ್ರೇಮಿನಲ್ಲೂ ಸಮ ಸಾಲು ಒಂದು ಗಳಿಗೆಯದ್ದು, ಬೆಸ ಸಾಲು ಇನ್ನೊಂದು ಗಳಿಗೆಯದ್ದು. ಡಬ್ಬಾ ಟಿವಿಯಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಮೊದಲು ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ವಿಡಿಯೋ ಸಾಫ್ಟ್‌ವೇರ್ ಹಾಕಿಕೊಂಡು, ಅದರ ಬಿಡಬ್ಲ್ಯೂಡಿಐಎಫ್ ಫಿಲ್ಟರಿನಲ್ಲಿ ಡಿಇಂಟರ್‌ಲೇಸ್ ಮಾಡಿ, ಅಂದ್ರೆ ಆ ಎರಡು ಗಳಿಗೆಯ ಸಾಲುಗಳನ್ನು ಬೇರೆ ಬೇರೆ ಫ್ರೇಮ್ ಮಾಡಿ. 25 ಫ್ರೇಮ್ ಹೋಗಿ 50 ಆಗುತ್ತೆ, ಓಡಾಟ ನುಣುಪಾಗುತ್ತೆ. ಅರ್ಧ ಸಮಸ್ಯೆ ಇಲ್ಲೇ ಮುಗಿಯಿತು. ಇದನ್ನು ಬಿಟ್ಟು ನೇರ ಅಪ್‌ಸ್ಕೇಲ್‌ಗೆ (ಚಿತ್ರ ದೊಡ್ಡದು ಮಾಡೋಕೆ) ಕೊಟ್ಟರೆ ಎಐ ಆ ಗೆರೆಗಳನ್ನೂ ಚಿತ್ರದ ಭಾಗ ಅಂದುಕೊಂಡು ತಿದ್ದಿ ತೀಡಿ ದಪ್ಪ ಮಾಡಿಡುತ್ತೆ.

ಆಮೇಲೆ ವಿಡಿಯೋ2ಎಕ್ಸ್, ಅಪ್‌ಸ್ಕೇಲ್ ಮಾಡುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಒಳಗೆ ರಿಯಲ್-ಇಎಸ್‌ಆರ್‌ಗ್ಯಾನ್ ಅನ್ನೋ ಎಐ ಇದೆ, ಬೇರೆ ಬೇರೆ ಕಂಪನಿಯ ಕಾರ್ಡುಗಳಲ್ಲಿ ನಡೆಯುವ ವಲ್ಕನ್‌ನಲ್ಲಿ ಓಡುವುದರಿಂದ ಎನ್ವಿಡಿಯಾ ಕಾರ್ಡೇ ಬೇಕು ಅಂತಿಲ್ಲ. ಅನಿಮೆ ಅಂತ ಹೆಸರಿರುವ ಮಾಡೆಲ್ ಕಾರ್ಟೂನಿಗೆ ಮಾಡಿದ್ದು. ವೇಗ ಜಾಸ್ತಿ ಅಂತ ಅದನ್ನೇ ಹಾಕಿದರೆ ಮುಖದ ಸಹಜ ಗೆರೆ ಒಂದೂ ಉಳಿಯಲ್ಲ. ಎರಡು ಪಟ್ಟು ಸಾಕು: 720×576 ಇದ್ದದ್ದು 1440×1152 ಆಗುತ್ತೆ. 4ಕೆ ಆಸೆ ಬಿಡಿ. ವಿಎಚ್‌ಎಸ್ ಟೇಪಿನಲ್ಲಿ ಇರುವುದೇ ಸುಮಾರು 240 ಸಾಲಿನಷ್ಟು ವಿವರ. ಮಿಕ್ಕಿದ್ದೆಲ್ಲಾ ಎಐ ತಾನೇ ಊಹಿಸಿ ಬರೆಯೋದು.

ಶ್ರೀರಂಗಪಟ್ಟಣದ ಒಬ್ಬರು
ಊಹೆ ಅಂದ್ರಲ್ಲ, ನಮ್ಮನೆ ವಿಡಿಯೋದಲ್ಲಿ ಹಿಂದಿನ ಪರದೆ ಮೇಲೆ ಥರ್ಮಾಕೋಲಿನಲ್ಲಿ ವಧೂವರರ ಹೆಸರು ಅಂಟಿಸಿದ್ದರು. ಅಪ್‌ಸ್ಕೇಲ್ ಆದ ಮೇಲೆ ಅದು ಯಾವ ಲಿಪಿಯೋ ದೇವರಿಗೇ ಗೊತ್ತು! ಮೈಸೂರು ಸಿಲ್ಕ್ ಸೀರೆಯ ಜರಿ ಅಂಚಿನದ್ದೂ ಇದೇ ಕಥೆ.

ಮುಖ ತಿದ್ದೋ ಜಿಎಫ್‌ಪಿಗ್ಯಾನ್ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ. ನನ್ನ ಮಾತು ಕೇಳಿದರೆ ಬೇಡ. ಫೋಟೋ ಹಂಚಿಕೊಳ್ಳುವ ಫ್ಲಿಕರ್ ಸೈಟಿನಿಂದ ತೆಗೆದ 70,000 ಮುಖಗಳನ್ನು ನೋಡಿ ಕಲಿತದ್ದು ಅದು. ದೂರದಲ್ಲಿ ಕೂತ ನಮ್ಮಜ್ಜಿಗೆ ಹೊಸ ಕಣ್ಣು, ಹೊಸ ಹಲ್ಲು ಕೊಟ್ಟು ಮೂಗುತಿ ಕಿತ್ತುಕೊಂಡಿತು. ಒಂದೊಂದು ಫ್ರೇಮನ್ನೂ ಬೇರೆ ಬೇರೆ ಫೋಟೋ ಥರ ತಿದ್ದುವುದರಿಂದ ಮುಖ ಮಿಣಮಿಣ ಅನ್ನುತ್ತೆ ಬೇರೆ. ಆಲ್ಬಮ್ಮಿನ ಒಂದು ಫೋಟೋಗೆ ಓಕೆ, ವಿಡಿಯೋಗೆ ಅಲ್ಲ.

ಕೇಳಿದವರು, ಮಂಡ್ಯ
ತುಂಬಾ ಥ್ಯಾಂಕ್ಸ್. ಪೂರ್ತಿ ಮೂರು ಗಂಟೆಗೆ ಎಷ್ಟು ಹೊತ್ತು ಹಿಡಿಯುತ್ತೆ?

ಕುವೆಂಪುನಗರದವರೇ
ಲೆಕ್ಕ ಹಾಕಿ. ಸೆಕೆಂಡಿಗೆ 50 ಫ್ರೇಮ್ ಅಂದ್ರೆ ಮೂರು ಗಂಟೆಗೆ 5,40,000 ಫ್ರೇಮ್. ನಿಮ್ಮ ಕಾರ್ಡ್ ಸೆಕೆಂಡಿಗೆ ಎರಡು ಮಾಡಿತು ಅಂದುಕೊಂಡರೂ 75 ಗಂಟೆ. ನಡುವೆ ಕರೆಂಟ್ ಹೋದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ? ಐದೈದು ನಿಮಿಷದ ತುಂಡು ಮಾಡಿಕೊಂಡು ಓಡಿಸಿ, ಹೋದರೆ ಒಂದು ತುಂಡು ಹೋಗುತ್ತೆ. ಅದಕ್ಕಿಂತ ಒಳ್ಳೇದು ಧಾರೆ, ಮಾಂಗಲ್ಯಧಾರಣೆ, ಆರತಿ ಇಷ್ಟೇ ಆರಿಸಿಕೊಳ್ಳಿ. ಊಟದ ಪಂಕ್ತಿಯನ್ನೆಲ್ಲಾ ಅಪ್‌ಸ್ಕೇಲ್ ಮಾಡಿ ಯಾರಿಗೆ ತೋರಿಸ್ತೀರಿ?

ಸರಸ್ವತಿಪುರಂನಿಂದ ಇನ್ನೊಬ್ಬರು
ಕ್ಯಾಸೆಟ್ ಇನ್ನೂ ಇದೆ ಅಲ್ವಾ? ಹಾಗಾದರೆ ಆ ಡಿವಿಡಿಯನ್ನು ಮರೆತುಬಿಡಿ. 4.7 ಜಿಬಿ ಡಿಸ್ಕಿಗೆ ಮೂರು ಗಂಟೆ ತುರುಕಿದ್ದಾರೆ ಅಂದ್ರೆ ಚಿತ್ರ ಆಗಲೇ ಚೌಕ ಚೌಕವಾಗಿ ಒಡೆದಿರುತ್ತೆ. ಎಐ ಆ ಚೌಕಗಳನ್ನೂ ಹೊಳಪು ಮಾಡಿ ಕೊಡುತ್ತೆ ಅಷ್ಟೇ. ಚೆನ್ನಾಗಿರುವ ವಿಸಿಆರ್ ಇರುವವರ ಹತ್ತಿರ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಮತ್ತೆ ಕ್ಯಾಪ್ಚರ್ ಮಾಡಿಸಿ, ಡಿಸ್ಕ್ ಬೇಡ, ಕಂಪ್ರೆಸ್ ಮಾಡದ ದೊಡ್ಡ ಫೈಲೇ ಕೊಡಿ ಅನ್ನಿ. ಟೇಪಿನ ಮೇಲೆ ಬಿಳೀ ಬೂಷ್ಟು ಕಂಡರೆ ಮೊದಲು ಕ್ಲೀನ್ ಮಾಡಿಸಬೇಕು. ಹಾಗೇ ವಿಸಿಆರಿಗೆ ಹಾಕಿದರೆ ಟೇಪ್ ಓದುವ ಹೆಡ್ಡಿಗೂ ಅಂಟುತ್ತೆ.

ಸೌಂಡಿಗೆ ಎಐ ಮುಟ್ಟಿಸಬೇಡಿ. ಗದ್ದಲ ತೆಗೆಯುವ ಆರ್‌ಎನ್‌ನಾಯ್ಸ್ ಥರದ ಎಐ ಮಾತನ್ನು ಉಳಿಸಿ ಮಿಕ್ಕಿದ್ದನ್ನು ಗದ್ದಲ ಅಂತ ಅಡಗಿಸುತ್ತೆ. ವಾಲಗ, ಗಟ್ಟಿಮೇಳ ಎಲ್ಲಾ ಅದರ ಲೆಕ್ಕಕ್ಕೆ ಗದ್ದಲವೇ. ಕ್ಯಾಪ್ಚರಿನಲ್ಲಿ ಬಂದ ಆಡಿಯೋವನ್ನೇ ಕೊನೆಗೆ ಎಫ್‌ಎಫ್‌ಎಂಪೆಗ್‌ನಲ್ಲಿ ಹೊಸ ವಿಡಿಯೋಗೆ ಜೋಡಿಸಿಕೊಳ್ಳಿ.