ಟಾಕೀಸೇ ಇಲ್ಲ, ಸ್ಟಾಪಿಗೆ ಮಾತ್ರ ಅದರ ಹೆಸರು ಯಾಕೆ?

ಜಯನಗರದವನು:
ಮೊನ್ನೆ ಅಕ್ಕನ ಮಗ ಊರಿಂದ ಬೆಂಗಳೂರಿಗೆ ಬಂದಿದ್ದ. ಮನೆಗೆ ದಾರಿ ಹೇಳುವಾಗ ಅಭ್ಯಾಸಬಲದಲ್ಲಿ "ನಂದಾ ಟಾಕೀಸ್ ಹತ್ತಿರ ಇಳ್ಕೋ" ಎಂದೆ. ಪಾಪ, ಅವನು ಇಳಿದು ಅರ್ಧ ಗಂಟೆ ಟಾಕೀಸು ಹುಡುಕಿದ್ದಾನೆ. ಎಲ್ಲಿಂದ ಸಿಗಬೇಕು? ಟಾಕೀಸು ಹೋಗಿ ಎಷ್ಟೋ ಕಾಲವಾಯಿತು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣ ಕಣಗಾಲ್ ಹೆಸರಿನ ಟಾಕೀಸು ಇತ್ತು, ಅದೂ ಹೋಯಿತು. ನನಗೂ ಆ ಜಾಗಗಳ ಮೇಲೆ ಪ್ರೀತಿ ಇದೆ. ನಂದಾದಲ್ಲಿ ಪರದೆ ಹತ್ತಿರದ ಗಾಂಧಿ ಕ್ಲಾಸಿನಲ್ಲಿ ಕೂತು ಕತ್ತು ನೋಯಿಸಿಕೊಂಡು ಎಷ್ಟು ಸಿನಿಮಾ ನೋಡಿದ್ದೇನೋ. ಅಲ್ಲೇ ಹತ್ತಿರದ ಸೈಕಲ್ ಶಾಪಿನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಗೊಂಡು ಬ್ಯಾಲೆನ್ಸ್ ಕಲಿತೆ. ಆದರೆ ಅದು ನನ್ನ ನೆನಪು. ಸ್ಟಾಪಿನ ಹೆಸರು ಈಗ ಊರಲ್ಲಿ ಓಡಾಡುವವರಿಗೆ ಉಪಯೋಗಕ್ಕೆ ಬರಬೇಕು, ಅಲ್ವಾ? ಇಲ್ಲದ ಅಂಗಡಿ, ಇಲ್ಲದ ಟಾಕೀಸಿನ ಹೆಸರುಗಳನ್ನು ಬದಲಾಯಿಸಬೇಕು ಅಂತ ನನ್ನ ಅಭಿಪ್ರಾಯ.

ಗಾಂಧಿಬಜಾರ್ ಹುಡುಗಿ:
ಹಾಗಾದರೆ ಮೊದಲು ಮೆಜೆಸ್ಟಿಕ್ ಅನ್ನೋದನ್ನು ಬಿಡಬೇಕು ಸರ್. ಅದೂ ಒಂದು ಟಾಕೀಸಿನ ಹೆಸರೇ. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ, ಮೆಟ್ರೋ ಸ್ಟೇಷನ್ನಿಗೂ ಇದೆ, ಆದರೂ ಯಾರಾದರೂ "ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಒಂದು ಟಿಕೆಟ್" ಅಂತ ಕೇಳಿದ್ದನ್ನು ನೀವು ಕೇಳಿದ್ದೀರಾ? ಅದಕ್ಕೂ ಮುಂಚೆ ಆ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಆ ಹೆಸರು ಜನರ ಬಾಯಿಂದ ಹೋಯಿತು ನೋಡಿ, ಕೆರೆ ಇತ್ತು ಅನ್ನೋದೇ ಮರೆತುಹೋಯಿತು. ನನ್ನ ಕ್ಲಾಸಿನ ಅರ್ಧಕ್ಕರ್ಧ ಜನರಿಗೆ ಗೊತ್ತೇ ಇಲ್ಲ.

ಶಿವಾನಂದ ಸರ್ಕಲ್ ಕೂಡ ಹಾಗೆಯೇ. ಅದು ಸ್ವಾಮಿಗಳ ಹೆಸರು ಅಂದುಕೊಂಡವರೇ ಜಾಸ್ತಿ. ಅಲ್ಲಿ ಶಿವಾನಂದ ಸ್ಟೋರ್ಸ್ ಅಂತ ಅಂಗಡಿ ಇತ್ತು, ಅದರಿಂದ ಸರ್ಕಲ್ಲಿಗೆ ಹೆಸರು. 2022ರಲ್ಲಿ ಅಲ್ಲಿ ಸ್ಟೀಲ್ ಫ್ಲೈಓವರ್ ಬಂತು, ಅದಕ್ಕೂ ಜನ ಶಿವಾನಂದ ಫ್ಲೈಓವರ್ ಅಂತಲೇ ಹೇಳುತ್ತಾರೆ. ಒಂದು ಅಂಗಡಿಯ ಹೆಸರು ಇಷ್ಟು ದೂರ ಬಂದಿದೆ. ಅದನ್ನು ಅಳಿಸೋಕೆ ನನಗೆ ಮನಸ್ಸಾಗಲ್ಲ.

ಬಿನ್ನಿಮಿಲ್ ಮಗ:
ನನ್ನ ಅಪ್ಪ ಬಿನ್ನಿ ಮಿಲ್ಲಿನಲ್ಲಿ ಮಗ್ಗದ ಮೇಲಿದ್ದರು. 1884ರಲ್ಲಿ ಶುರುವಾದ ಮಿಲ್ಲು ಅದು. ನಮ್ಮ ಓಣಿಯಲ್ಲಿ ಗಡಿಯಾರ ಇಲ್ಲದ ಮನೆಗಳೇ ಹೆಚ್ಚು, ಮಿಲ್ಲಿನ ಕೂಗು ಕೇಳಿದರೆ ಅಮ್ಮ ಒಲೆ ಹಚ್ಚುತ್ತಿದ್ದರು, ಇನ್ನೊಂದು ಕೂಗಿಗೆ ನಾವು ಸ್ಕೂಲಿಗೆ ಓಡುತ್ತಿದ್ದೆವು, ಸಂಜೆ ಪಾಳಿ ಬಿಟ್ಟಾಗ ರಸ್ತೆ ತುಂಬಾ ಸೈಕಲ್ಲುಗಳು, ಅದರಲ್ಲಿ ಅಪ್ಪನ ಬೆಲ್ಲಿನ ಸದ್ದು ಬೇರೆ ಅಂತ ನನಗೆ ಗೊತ್ತಾಗುತ್ತಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟು, ಮಾಲು. ಆದರೆ ಕಂಡಕ್ಟರ್ ಇವತ್ತಿಗೂ "ಬಿನ್ನಿ ಮಿಲ್, ಬಿನ್ನಿ ಮಿಲ್" ಅಂತ ಕೂಗುತ್ತಾರೆ. ನನಗೆ ಅಷ್ಟು ಸಾಕು.

ಈಗ ಮಲ್ಲೇಶ್ವರದ ಕಡೆ ನೋಡಿ. ಸಂಪಿಗೆ ರಸ್ತೆಯಲ್ಲಿ ರಾಜಾ ಮಿಲ್ ಇತ್ತು. ಆ ಜಾಗದಲ್ಲಿ ಮಾಲ್ ಬಂತು. ಮೆಟ್ರೋ ಸ್ಟೇಷನ್ನಿನ ಹೆಸರಲ್ಲಿ ಮಾಲ್ ಇದೆ, ಮಿಲ್ ಇಲ್ಲ. ಅಲ್ಲಿ ದುಡಿದವರ ಮಕ್ಕಳು ಎಲ್ಲಿ ಬೆರಳು ತೋರಿಸಿ "ಇಲ್ಲಿ ನಮ್ಮಪ್ಪ ಕೆಲಸ ಮಾಡ್ತಿದ್ದರು" ಅಂತ ಹೇಳಬೇಕು? ಜಯನಗರದ ಸರ್, ಹೆಸರು ಬದಲಾಯಿಸಿದರೆ ಅಲ್ಲಿ ಯಾರ ಹೆಸರು ಬರುತ್ತೆ ಅನ್ನೋದನ್ನೂ ಯೋಚಿಸಿ. ದುಡ್ಡಿದ್ದವರ ಹೆಸರೇ ಬರುತ್ತೆ.

ಜಯನಗರದವನು:
ಈ ಮಾತು ನಾನು ಯೋಚಿಸಿರಲಿಲ್ಲ, ಒಪ್ಪುತ್ತೇನೆ. ಆದರೂ ಹೆಸರುಗಳು ಬದಲಾಗುತ್ತಲೇ ಬಂದಿವೆಯಲ್ಲ. ಎಂ.ಜಿ. ರೋಡು ಮೊದಲು ಸೌತ್ ಪರೇಡ್ ಆಗಿತ್ತು. ಅದನ್ನು ಬದಲಾಯಿಸಿದ್ದಕ್ಕೆ ಯಾರೂ ಇವತ್ತು ಬೇಜಾರು ಮಾಡಿಕೊಳ್ಳುವುದಿಲ್ಲ.

ದಂಡಿನವಳು:
ನಮ್ಮಜ್ಜಿ ಕೊನೆಯವರೆಗೂ "ಪರೇಡಿಗೆ ಹೋಗಿ ಬರ್ತೀನಿ" ಎಂದೇ ಹೇಳುತ್ತಿದ್ದರು. ನಾವು ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟ್ ಕಡೆಯ ಜನ. ಎಂ.ಜಿ. ರೋಡಿನಲ್ಲಿ ಪ್ಲಾಜಾ ಟಾಕೀಸು ಇದ್ದ ಕಡೆ ಈಗ ಮೆಟ್ರೋ ಸ್ಟೇಷನ್. 2011ರಲ್ಲಿ ಮೊದಲ ರೈಲು ಅಲ್ಲಿಗೇ ಬಂದಾಗ ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಸ್ಕಲೇಟರ್ ಹತ್ತುತ್ತಾ "ಇಲ್ಲೇ ಕಣೇ ಟಿಕೆಟ್ ಕೌಂಟರ್ ಇದ್ದಿದ್ದು" ಎಂದೆ, ಅವಳು ಸುಮ್ನೆ ತಲೆ ಆಡಿಸಿದಳು. ಕಾಫಿ ಹೌಸ್ 2009ರಲ್ಲಿ ಎಂ.ಜಿ. ರೋಡು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಅದೇ ವರ್ಷ ಪ್ರೀಮಿಯರ್ ಪುಸ್ತಕದ ಅಂಗಡಿಯೂ ಮುಚ್ಚಿತು. ಆ ಅಂಗಡಿ ನೋಡದವರಿಗೆ ಹೇಗೆ ಹೇಳಲಿ, ನೆಲದಿಂದ ಸೂರಿನವರೆಗೆ ಪುಸ್ತಕ, ಒಬ್ಬರು ಹೋದರೆ ಇನ್ನೊಬ್ಬರು ಒರಗಿ ನಿಲ್ಲಬೇಕು. ಯಾವ ಪುಸ್ತಕ ಕೇಳಿದರೂ ಮಾಲೀಕರು ಸೀದಾ ಹೋಗಿ ರಾಶಿಯ ನಡುವಿಂದ ಎಳೆದು ಕೊಡುತ್ತಿದ್ದರು, ಮೇಲಿನ ಸಾಲು ಬೀಳುತ್ತಿರಲಿಲ್ಲ. ಅದರ ಹೆಸರಲ್ಲಿ ಯಾವ ಸ್ಟಾಪೂ ಇಲ್ಲ. ಸ್ಟಾಪು ಇಲ್ಲದ ಅಂಗಡಿಗಳನ್ನು ಏನು ಮಾಡೋಣ, ಅದನ್ನೂ ಯಾರಾದರೂ ಹೇಳಿ.

ಗ್ರಂಧಿಗೆ ಅಂಗಡಿ ಮನೆಯವನು:
ಇಲ್ಲಿ ಎಲ್ಲರೂ ಗಿರಾಕಿಗಳ ಕಡೆಯಿಂದ ಮಾತಾಡುತ್ತಿದ್ದೀರಿ. ನಾನು ಗಲ್ಲಾಪೆಟ್ಟಿಗೆಯ ಕಡೆಯವನು. ಚಾಮರಾಜಪೇಟೆಯಲ್ಲಿ ನಮ್ಮ ತಂದೆಯವರದು ಗ್ರಂಧಿಗೆ ಅಂಗಡಿ. ಬಜೆ, ಅಳಲೆಕಾಯಿ, ಹಿಪ್ಪಲಿ, ಜ್ಯೇಷ್ಠಮಧು, ಸಾಂಬ್ರಾಣಿ, ಬಾಣಂತಿ ಖಾರದ ಸಾಮಾನು. ಮರದ ಸಣ್ಣ ಸಣ್ಣ ಡ್ರಾಯರುಗಳು, ಯಾವುದಕ್ಕೂ ಚೀಟಿ ಇರಲಿಲ್ಲ, ಅಪ್ಪ ಕಣ್ಣು ಮುಚ್ಚಿ ಎಳೆದರೂ ಸರಿಯಾದದ್ದೇ ಬರುತ್ತಿತ್ತು. ಪೇಪರಿನಲ್ಲಿ ಪೊಟ್ಟಣ ಕಟ್ಟಿ, ದಾರ ಬೆರಳಿಗೆ ಸುತ್ತಿ ಪಟಕ್ಕಂತ ಹರಿಯುತ್ತಿದ್ದರು. ನನಗೆ ಇವತ್ತಿಗೂ ಹಾಗೆ ಹರಿಯೋಕೆ ಬರಲ್ಲ, ಬೆರಳು ಕುಯ್ಯುತ್ತೆ.

ಕೊನೆಯ ವರ್ಷಗಳಲ್ಲಿ ದಿನಕ್ಕೆ ಐದಾರು ಜನ ಬಂದರೆ ಹೆಚ್ಚು. ಬಾಡಿಗೆ ಏರಿತು. ನನಗೆ ಬೇರೆ ಕೆಲಸ ಸಿಕ್ಕಿತ್ತು, ನಾನೂ ಕೂರಲಿಲ್ಲ, ಅದು ನನ್ನ ತಪ್ಪು ಅಂತ ಈಗಲೂ ಅನಿಸುತ್ತೆ. ಬಾಗಿಲು ಹಾಕಿದ ವಾರ ಎಷ್ಟೊಂದು ಜನ ಬಂದು "ಅಯ್ಯೋ, ನಮ್ಮ ಬಾಲ್ಯವೇ ಹೋಯಿತು" ಎಂದರು. ಅಪ್ಪ ಎಲ್ಲರಿಗೂ ಕೈ ಮುಗಿದರು. ರಾತ್ರಿ ಊಟಕ್ಕೆ ಕೂತಾಗ ಮಾತ್ರ "ಇವರೆಲ್ಲ ಹೋದ ವರ್ಷ ಒಂದೊಂದು ಪೊಟ್ಟಣ ಅರಿಶಿನ ತಗೊಂಡಿದ್ದರೆ ಸಾಕಿತ್ತು" ಅಂದರು. ಅದಕ್ಕೆ ಹೇಳುತ್ತಿದ್ದೇನೆ, ಸ್ಟಾಪಿನ ಹೆಸರು ಉಳಿಸೋಣ, ಬೇಡ ಅನ್ನಲ್ಲ. ಆದರೆ ಇನ್ನೂ ಬಾಗಿಲು ತೆರೆದಿರುವ ಅಂಗಡಿಗೆ ಹೋಗೋದು ಮೊದಲು.

ಗಾಂಧಿಬಜಾರ್ ಹುಡುಗಿ:
ಓದಿ ಗಂಟಲು ಕಟ್ಟಿತು ಅಣ್ಣ. ನಮ್ಮ ಕಡೆ ಇನ್ನೂ ನಡೆಯುತ್ತಿರುವವು ಇವೆ. ವಿದ್ಯಾರ್ಥಿ ಭವನ 1943ರದು, ಶುಕ್ರವಾರ ರಜೆ ಅನ್ನೋದೂ ಹಾಗೇ ಇದೆ. ಸುಬ್ಬಮ್ಮನ ಅಂಗಡಿಯಲ್ಲಿ ಹಪ್ಪಳ ಸಂಡಿಗೆ ಇನ್ನೂ ಸಿಗುತ್ತೆ. ಅವು ಬದುಕಿರೋದು ನೆನಪಿನಿಂದ ಅಲ್ಲ, ಜನ ದಿನಾ ಹೋಗಿ ತಿನ್ನುವುದರಿಂದ, ಕೊಳ್ಳುವುದರಿಂದ. ನೀವು ಹೇಳಿದ್ದು ಸರಿ. ಆದರೆ ಹೆಸರಿನ ವಿಷಯದಲ್ಲಿ ನಾನು ನನ್ನ ಮಾತಿಗೇ ನಿಲ್ಲುತ್ತೇನೆ.

ಹುಬ್ಬಳ್ಳಿಯಿಂದ ಬಂದವ:
ಜಯನಗರದ ಸರ್ ಹೊಸಬರಿಗೆ ಗೊಂದಲ ಅಂತ ಹೇಳಿದರು. ಆ ಹೊಸಬ ನಾನೇರಿ. 2012ರಲ್ಲಿ ಬಂದೆ. ಮೊದಲ ತಿಂಗಳು ನಿಜಕ್ಕೂ ತಲೆ ಕೆಟ್ಟಿತ್ತು, ಹಲಸೂರು ಗೇಟ್ ಅಂತಾರೆ, ಗೇಟು ಎಲ್ಲೂ ಇಲ್ಲ. ಟೋಲ್‌ಗೇಟ್ ಅಂತಾರೆ, ಟೋಲೂ ಇಲ್ಲ ಗೇಟೂ ಇಲ್ಲ. ಆದರೆ ಕೇಳಿದಾಗೆಲ್ಲ ಯಾರಾದರೂ ಒಬ್ಬ ಅಜ್ಜ ನಿಂತು ಕಥೆ ಹೇಳೋರು. ಇಲ್ಲಿ ಕೋಟೆ ಬಾಗಿಲಿತ್ತು, ಇಲ್ಲಿ ಗಾಡಿಗೆ ಸುಂಕ ಕಟ್ಟುತ್ತಿದ್ದರು ಅಂತ. ನನಗೆ ಈ ಊರು ಪರಿಚಯವಾಗಿದ್ದು ಹಾಗೆ. ನಂಬರ್ ಹಾಕಿದ ಸ್ಟಾಪುಗಳಿದ್ದಿದ್ದರೆ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಒಂದು ಕೆಲಸ ಮಾಡಬಹುದು. ಸ್ಟಾಪಿನ ಬೋರ್ಡಿನಲ್ಲಿ ಹೆಸರಿನ ಕೆಳಗೆ ಒಂದು ಸಾಲು ಬರೆಸಿ. "ಇಲ್ಲಿ ನಂದಾ ಚಿತ್ರಮಂದಿರವಿತ್ತು." ಅಷ್ಟೇ. ಅಕ್ಕನ ಮಗ ಹುಡುಕೋದೂ ಬೇಡ, ಹೆಸರು ಹೋಗೋದೂ ಬೇಡ.

ಬಿನ್ನಿಮಿಲ್ ಮಗ:
ಇದು ಒಳ್ಳೆಯ ಮಾತು. ಮಿಲ್ಲುಗಳಿಗೂ ಬರೆಸಬೇಕು.

ದಂಡಿನವಳು:
ಸ್ಟಾಪು ಇಲ್ಲದ ಅಂಗಡಿಗಳಿಗೆ ಗೋಡೆಯ ಮೇಲೆ ಒಂದು ಸಣ್ಣ ಕಲ್ಲು ಹಾಕಿದರೂ ಆಗುತ್ತೆ. ಗ್ರಂಧಿಗೆ ಅಂಗಡಿಯವರದ್ದನ್ನೂ ಸೇರಿಸಿ.

ಗ್ರಂಧಿಗೆ ಅಂಗಡಿ ಮನೆಯವನು:
ನಮ್ಮದಕ್ಕೆ ಕಲ್ಲು ಬೇಡ ಮೇಡಂ. ಆ ಮೂಲೆಗೆ ಆಟೋದವರು ಇನ್ನೂ "ಗ್ರಂಧಿಗೆ ಅಂಗಡಿ ಮೂಲೆ" ಅಂತಾರೆ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಅಪ್ಪನಿಗೆ ಒಮ್ಮೆ ಆಟೋದಲ್ಲಿ ಹೋಗುವಾಗ ಅದು ಕಿವಿಗೆ ಬಿತ್ತು. ಡ್ರೈವರಿಗೆ ತಾನು ಯಾರು ಅಂತ ಹೇಳಲಿಲ್ಲ. ಚಿಲ್ಲರೆ ಮಾತ್ರ ವಾಪಸ್ ತಗೊಳ್ಳಲಿಲ್ಲ.

ಜಯನಗರದವನು:
ಬೋರ್ಡಿನಲ್ಲಿ ಒಂದು ಸಾಲು ಸೇರಿಸೋದಕ್ಕೆ ನನ್ನದೂ ಒಪ್ಪಿಗೆ. ಹೆಸರು ಬದಲಾಯಿಸಿ ಅನ್ನೋದನ್ನು ಸದ್ಯಕ್ಕೆ ಬಿಟ್ಟೆ. ಅರ್ಜಿ ಬರೆಯುವವರು ಇದ್ದರೆ ಹೇಳಿ, ಸಹಿ ಹಾಕುತ್ತೇನೆ. ಇನ್ನೊಂದು ವಿಷಯ, ನಂದಾ ಹತ್ತಿರದ ಆ ಸೈಕಲ್ ಶಾಪು ಯಾರಿಗಾದರೂ ನೆನಪಿದೆಯಾ? ಬಾಗಿಲಲ್ಲಿ ನೀರಿನ ತೊಟ್ಟಿ ಇಟ್ಟು ಟ್ಯೂಬ್ ಮುಳುಗಿಸಿ ಪಂಕ್ಚರ್ ನೋಡುತ್ತಿದ್ದರು.

ಮೂರನೇ ಬ್ಲಾಕ್ ಆಂಟಿ:
ಇದೆ. ತೊಟ್ಟಿ ಪಕ್ಕ ಚಿಕ್ಕ ಹುಡುಗರಿಗೆ ಅಂತ ಒಂದು ಕೆಂಪು ಅರ್ಧ ಸೈಕಲ್ ನಿಂತಿರುತ್ತಿತ್ತು. ನನ್ನ ತಮ್ಮ ಅದರಲ್ಲೇ ಬಿದ್ದು ಮೊಣಕಾಲು ಒಡೆದುಕೊಂಡ. ನೀವು ಯಾವ ವರ್ಷ ಅಲ್ಲಿದ್ದಿರಿ?