ಮೊದಲ ಸಲ ಮಾನ್ಯತೆ ತಂಡದಲ್ಲಿ ಹೋಗುತ್ತಿದ್ದೇನೆ, ಏನು ನೋಡಬೇಕು?

ಕೇಳಿದವರು: ಕಾಲೇಜೊಂದರ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೋಗ್ರಾಂಗೆ ಮಾನ್ಯತೆ ಕೊಡಬಹುದಾ ಅಂತ ಪರಿಶೀಲಿಸಬೇಕು. ಅವರ ಸ್ವಯಂ ಮೌಲ್ಯಮಾಪನ ವರದಿ ಓದಿ ಮುಗಿಸಿದೆ. ಅಲ್ಲಿ ಸಿಗುವುದು ಮೂರೇ ದಿನ. ಹೋಗಿ ಬಂದವರು ಹೇಳಿ.

ಹಳೇ ಪರಿಶೀಲಕ: ನಾನು 9 ಸಲ ಹೋಗಿದ್ದೇನೆ. ಮೊದಲ ಸಲ ಎರಡು ದಿನ ಫೈಲಿನ ರಾಶಿಯಲ್ಲೇ ಕಳೆಯಿತು. ಮೂರನೇ ದಿನ ಲ್ಯಾಬಿಗೆ ಹೋದರೆ ಆಸಿಲೋಸ್ಕೋಪಿನ ಪರದೆ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರಲಿಲ್ಲ, ವರದಿಯಲ್ಲಿ ನೋಡಿದರೆ ಅದರ ಮೇಲೆ ಎರಡು ವರ್ಷ ಪ್ರಯೋಗ ಮಾಡಿಸಿದ್ದಾರಂತೆ. ಯಾವ ಕೋರ್ಸು ಯಾವ ಸಾಮರ್ಥ್ಯ ಬೆಳೆಸಲು ಎಷ್ಟು ನೆರವಾಗುತ್ತದೆ ಅಂತ 1ರಿಂದ 3ರವರೆಗೆ ಅಂಕ ಹಾಕುವ ಮ್ಯಾಪಿಂಗ್ ಕೋಷ್ಟಕದ ತುಂಬಾ ಬರೀ 3. ಗಣಿತದ ಕೋರ್ಸಿಗೆ ನೈತಿಕತೆಯಲ್ಲೂ 3! ಅವತ್ತಿನಿಂದ ನಾನು ಮೊದಲು ಕೇಳುವುದು ಉತ್ತರ ಪತ್ರಿಕೆ. ಕಡಿಮೆ ಅಂಕದ್ದು 5, ನಡುವಿನದ್ದು 5, ಜಾಸ್ತಿಯದ್ದು 5.

ಕೋಆರ್ಡಿನೇಟರ್ ಆಗಿದ್ದವಳು: ಆ 3 ಯಾಕೆ ತುಂಬುತ್ತಾರೆ ಗೊತ್ತಾ ಸಾರ್? ನಾನು ಇದ್ದದ್ದನ್ನು ಇದ್ದ ಹಾಗೆ 1 ಅಂತ ಹಾಕಿದ್ದೆ. ನಿಮ್ಮಂಥ ತಂಡದವರೇ ಅದನ್ನು ಕೊರತೆ ಅಂತ ಬರೆದುಕೊಂಡು ಹೋದರು. ಮಕ್ಕಳು ಎಷ್ಟು ಕಲಿತರು ಅಂತ ಲೆಕ್ಕ ಹಾಕಲು 46 ಕೋರ್ಸಿಗೆ 46 ಎಕ್ಸೆಲ್ ಶೀಟು. ಪರೀಕ್ಷೆಗೆ ಬಾರದವರನ್ನೂ ಸೊನ್ನೆ ಅಂತ ಸೇರಿಸಿ ಸರಾಸರಿ ಕುಸಿದಿದ್ದು ಗೊತ್ತಾಗಿದ್ದು ಭೇಟಿಗೆ 4 ದಿನ ಇರುವಾಗ. ಎಲ್ಲಾ ಮತ್ತೆ ಮಾಡಿದೆ. ಮಗಳಿಗೆ ಜ್ವರ, ಒಂದು ಕೈ ಅವಳ ಹಣೆ ಮೇಲೆ, ಇನ್ನೊಂದು ಮೌಸ್ ಮೇಲೆ. ಕೊನೆಗೆ ಸಿಕ್ಕಿದ್ದು ಅರ್ಧ ಅವಧಿಯ ಮಾನ್ಯತೆ.

ಹಳೇ ಪರಿಶೀಲಕ: 1 ಹಾಕಿದ್ದು ತಪ್ಪಲ್ಲ. ಅದನ್ನು ಸರಿಮಾಡಲು ಮುಂದಿನ ವರ್ಷ ಏನು ಬದಲಾಯಿಸಿದಿರಿ ಅಂತ ತೋರಿಸಿರಲಿಕ್ಕಿಲ್ಲ.

ಕೋಆರ್ಡಿನೇಟರ್ ಆಗಿದ್ದವಳು: ತೋರಿಸಿದ್ದೆ. ಎರಡು ಪುಟ. ಯಾರೂ ಆ ಫೈಲ್ ತೆರೆಯಲೇ ಇಲ್ಲ.

ಕಾರ್ಖಾನೆಯಿಂದ: ನಿಮ್ಮಿಬ್ಬರಿಗೂ ಕಾಗದದ್ದೇ ಚಿಂತೆ. 1989ರಲ್ಲಿ 6 ದೇಶಗಳ ಸಂಸ್ಥೆಗಳು ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡದ್ದು ಒಂದು ಕಡೆ ಓದಿದವರ ಪದವಿಯನ್ನು ಇನ್ನೊಂದು ಕಡೆಯೂ ಒಪ್ಪಲಿ ಅಂತ, ಅಲ್ವಾ? ಒಂದು ತಂಡದಲ್ಲಿ ಹೋದಾಗ ನಾನು ಮೇಷ್ಟ್ರುಗಳನ್ನು ಹೊರಗೆ ಕಳಿಸಿ ಮಕ್ಕಳ ಜೊತೆ ಕೂತೆ. ತಾನೇ ಮಾಡಿದ ಪ್ರಾಜೆಕ್ಟಿನಲ್ಲಿ ಶಾಫ್ಟ್ ಯಾಕೆ ಅಷ್ಟು ದಪ್ಪ ಅಂದರೆ ಹುಡುಗ ಸುಮ್ನೆ ನಿಂತ. ಅದನ್ನು ವರದಿಯಲ್ಲಿ ಬರೆದೆ, ತಂಡದ ಅಧ್ಯಕ್ಷರು ಹೊಡೆದು ಹಾಕಿದರು. ಇವತ್ತಿಗೂ ಬೇಜಾರಿದೆ. 2021ರಲ್ಲಿ ಪದವೀಧರ ಗುಣಗಳನ್ನು, ಅಂದರೆ ಪದವಿ ಮುಗಿಸಿದವರಲ್ಲಿ ಇರಬೇಕಾದ ಸಾಮರ್ಥ್ಯಗಳನ್ನು, 12ರಿಂದ 11ಕ್ಕೆ ಇಳಿಸಿ, ಸಮಾಜ ಮತ್ತು ಪರಿಸರ ಎರಡನ್ನೂ ಒಂದೇ ಮಾಡಿದರು. ಅದೂ ನನಗೆ ಒಪ್ಪಿಗೆಯಿಲ್ಲ.

ಹಳೇ ಪರಿಶೀಲಕ: ಒಬ್ಬ ಹುಡುಗ ಹೆದರಿ ಬಾಯಿ ಬಿಡಲಿಲ್ಲ ಅಂತ ಇಡೀ ಪ್ರೋಗ್ರಾಂ ಅಳೆಯುತ್ತೀರಾ? ಅಧ್ಯಕ್ಷರು ಮಾಡಿದ್ದೇ ಸರಿ.

ಕಾರ್ಖಾನೆಯಿಂದ: ಒಬ್ಬನಲ್ಲ, 8 ಜನರಲ್ಲಿ 6 ಜನ. ಪೂರ್ತಿ ಕೇಳಿ ಮಾತಾಡಿ.

ಹಳೇ ಪರಿಶೀಲಕ: ಕೋಆರ್ಡಿನೇಟರ್ ಮೇಡಂ, ಆ ಎರಡು ಪುಟ ಇದ್ದರೆ ಕಳಿಸಿ, ಓದುತ್ತೇನೆ.

ಕೋಆರ್ಡಿನೇಟರ್ ಆಗಿದ್ದವಳು: ಈಗ ಓದಿ ಏನು ಮಾಡುತ್ತೀರಿ?